ಹವಾಲಾ

ಹವಾಲಾ ಎಂದೊಡನೆ ನಮಗೆ ನೆನಪಾಗುವುದು ರಾಜಕಾರಣಿಗಳಿಗೆ ಹವಾಲಾ ಹಣ ಸಂದಿತೆಂಬ 1990ರ ದಶಕದ ಜೈನ್ ಡೈರಿ ಹಗರಣ. ಪದಕ್ಕೆ ಆ ಕಳಂಕ ಹುಟ್ಟಿನಿಂದ ಬಂದದ್ದಲ್ಲ. ಅರಬ್ಬಿಯಲ್ಲಿ ಅದರ ಅರ್ಥ ವರ್ಗಾವಣೆ, ಒಪ್ಪಿಸುವಿಕೆ. ಒಬ್ಬರ ವಶಕ್ಕೆ ಕೊಡುವುದೆಂಬ ಅರ್ಥದ ನಮ್ಮ ‘ಹವಾಲೆ’ಯೂ ಇದೇ; ಹವಾಲೆ ಹೊತ್ತವನು ಹವಾಲ್ದಾರ. ಕಚೇರಿಗಳಲ್ಲಿ ನಾವು ಹೇಳಿಕೊಳ್ಳುವ ‘ಅಹವಾಲು’ ಕೂಡ ಅದೇ ಅರಬ್ಬಿ ಧಾತುವಿನ ದೂರದ ದಾಯಾದಿ.

ವ್ಯವಹಾರ ಸರಳ. ಲಂಡನ್ನಿನ ದಲ್ಲಾಳಿಯ ಕೈಗೆ ಹಣ ಕೊಟ್ಟರೆ, ಅವನ ಮಾತಿನ ಮೇಲೆ ಊರಿನ ದಲ್ಲಾಳಿ ಮನೆಯವರಿಗೆ ಹಣ ಎಣಿಸಿಕೊಡುತ್ತಾನೆ. ನೋಟುಗಳು ಗಡಿ ದಾಟಬೇಕಿಲ್ಲ; ಆಮೇಲೆ ಇಬ್ಬರೂ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಾರೆ. 1991ರಲ್ಲಿ ಸರ್ಕಾರ ಕುಸಿದು ಬ್ಯಾಂಕುಗಳೂ ಮುಳುಗಿದಾಗ ಸೊಮಾಲಿಯಾದ ಎಷ್ಟೋ ಮನೆಗಳನ್ನು ಸಾಕಿದ್ದು ಹೊರದೇಶದ ಸೊಮಾಲಿಗಳು ಹೀಗೆ ಕಳಿಸಿದ ಹಣ: ಊಟಕ್ಕೆ, ಶಾಲೆಯ ಫೀಸಿಗೆ, ಸಣ್ಣ ಅಂಗಡಿಯ ಬಂಡವಾಳಕ್ಕೆ. 2001ರ ನವೆಂಬರಿನಲ್ಲಿ ಭಯೋತ್ಪಾದನೆಯ ಶಂಕೆಯ ಮೇಲೆ ಅಮೆರಿಕ ಅಲ್ ಬರಕಾತ್ ಎಂಬ ದೊಡ್ಡ ಸೊಮಾಲಿ ಹಣ ರವಾನೆ ಸಂಸ್ಥೆಯ ಖಾತೆಗಳನ್ನು ತಡೆದಾಗ ಪೆಟ್ಟು ಬಿದ್ದದ್ದು ಇಂಥ ಮನೆಗಳಿಗೇ. ಅದೊಂದು ಒರಟು ಕ್ರಮ ಎಂದೇ ಹೇಳಬೇಕು.

ಸೊಮಾಲಿಯಾದಲ್ಲಿ ಇಂದು ಹಣ ರವಾನೆ ಸಂಸ್ಥೆಗಳು ಕೇಂದ್ರ ಬ್ಯಾಂಕಿನ ಪರವಾನಗಿ ಪಡೆದು ನಡೆಯುತ್ತವೆ. ಭಾರತದಲ್ಲಾದರೋ ಹವಾಲಾ ಕಾನೂನುಬಾಹಿರ.