ಪಹಣಿ, ಕಂಪ್ಯೂಟರು ಮತ್ತು ನಮ್ಮ ಕಡೆ ಜನ

"ಕಂಪ್ಯೂಟರ್‌ನಲ್ಲೇ ಹಂಗ್ ಬಂದೈತೆ, ನಾನೇನ್ ಮಾಡ್ಲಿ?"

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ – ಈ ನಾಲ್ಕರಲ್ಲಿ ಯಾವ ತಾಲ್ಲೂಕು ಕಛೇರಿಯ ಮುಂದೆ ಅರ್ಧ ಗಂಟೆ ನಿಂತರೂ ಈ ಮಾತು ಒಂದು ಸಲವಾದರೂ ಕಿವಿಗೆ ಬೀಳುತ್ತೆ. ಹೇಳುವವರು ಕೌಂಟರಿನ ಒಳಗಿನವರೂ ಇರಬಹುದು, ಹೊರಗಿನವರೂ ಇರಬಹುದು. ಮಳೆ ಬಂತು, ಗಾಳಿ ಬಂತು ಅಂದ ಹಾಗೆ ಕಂಪ್ಯೂಟರಿನಲ್ಲಿ ಹೆಸರು ತಪ್ಪಾಗಿ ‘ಬಂತು’. ಯಾರೋ ಒಬ್ಬರು ಕೂತು ಕೀಲಿಮಣೆ ಕುಟ್ಟಿದ್ದರಿಂದ ಬಂತು ಅನ್ನೋದು ಆ ವಾಕ್ಯದಲ್ಲಿ ಎಲ್ಲೂ ಇಲ್ಲ.

ನಮ್ಮ ಸಾಫ್ಟ್‌ವೇರ್ ಜನರ ನಡುವೆ ಇಂಥದ್ದಕ್ಕೆಲ್ಲ ಜೋಕುಗಳಿವೆ. ಸಿ.ಡಿ. ಡ್ರೈವನ್ನು ಕಾಫಿ ಲೋಟ ಇಡೋ ತಟ್ಟೆ ಅಂದುಕೊಂಡವನ ಕಥೆ, ಮಾನಿಟರನ್ನೇ ಕಂಪ್ಯೂಟರ್ ಅಂದುಕೊಂಡವನ ಕಥೆ.. ಕೇಳಿ ಕೇಳಿ ಸಾಕಾಗಿದೆ. "ಬಳಸೋರಿಗೆ ಏನೂ ಗೊತ್ತಾಗಲ್ಲ" ಅನ್ನೋದು ನಮ್ಮ ವೃತ್ತಿಯ ಮೂಲಮಂತ್ರ. ಆದರೆ ಪಹಣಿಯ ಇತಿಹಾಸ ಕೆದಕುತ್ತಾ ಹೋದಂತೆ ನನಗೆ ಬೇರೆಯೇ ಒಂದು ಪ್ರಶ್ನೆ ಕಾಡೋಕೆ ಶುರುವಾಯ್ತು. ಕಂಪ್ಯೂಟರ್ ಬರೋದಕ್ಕೆ ಮುಂಚೆ ಮಾತ್ರ ನಮ್ಮ ರೈತನಿಗೆ ತನ್ನ ಜಮೀನಿನ ದಾಖಲೆ ಹೇಗೆ ತಯಾರಾಗುತ್ತೆ ಅಂತ ಗೊತ್ತಿತ್ತಾ?

ಹಳೇ ಮೈಸೂರು ಸೀಮೆಯಲ್ಲಿ ಊರಿನ ಲೆಕ್ಕ ಶಾನುಭೋಗರದ್ದು. ಹುದ್ದೆ ಅಪ್ಪನಿಂದ ಮಗನಿಗೆ. ಬರೆಯೋಕೆ ಕಡತ – ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯೋದು, ಬೇಡವಾದರೆ ಅಳಿಸೋದು. (ಇವತ್ತು ಸರ್ಕಾರಿ ಕಛೇರಿಯಲ್ಲಿ ಫೈಲಿಗೆ ಕಡತ ಅಂತೀವಲ್ಲ, ಆ ಹೆಸರು ಬಂದದ್ದು ಇಲ್ಲಿಂದಲೇ. ವಸ್ತು ಹೋಗಿ ಎಷ್ಟೋ ಕಾಲವಾಯ್ತು, ಹೆಸರು ಮಾತ್ರ ಕುರ್ಚಿ ಬಿಟ್ಟಿಲ್ಲ.) ಮುಂದೆ ಕಾಗದ ಬಂತು, ಸರ್ವೆ ನಂಬರು ಬಂತು. ಆದರೂ ಶಾನುಭೋಗರ ಮೋಡಿ ಅಕ್ಷರ ಓದೋಕೆ ಇನ್ನೊಬ್ಬ ಶಾನುಭೋಗರೇ ಬೇಕಿತ್ತು. ಅಂದ್ರೆ ದಾಖಲೆ ರೈತನದು, ಓದೋ ವಿದ್ಯೆ ಮಾತ್ರ ಬರೆದವರದು.

ಮೈಸೂರು ರಾಜ್ಯದ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರ ಫೆಬ್ರವರಿಯಲ್ಲಿ. ಪಟೇಲರು, ಶಾನುಭೋಗರು ಹೋಗಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯ್ದೆಯಡಿ ಇವತ್ತು ನಾವು ನೋಡೋ ಪಹಣಿಗೆ, ಅಂದ್ರೆ ಆರ್.ಟಿ.ಸಿ.ಗೆ ರೂಪ ಬಂತು. ನಮೂನೆ 16. ಹನ್ನೆರಡು ಕಾಲಂ. ಒಂಬತ್ತರಲ್ಲಿ ಸ್ವಾಧೀನದಾರನ ಹೆಸರು, ಹತ್ತರಲ್ಲಿ ಜಮೀನು ಹೇಗೆ ಬಂತು ಅನ್ನೋದು, ಹನ್ನೊಂದರಲ್ಲಿ ಸಾಲ ಮತ್ತು ಇತರ ಹಕ್ಕು, ಹನ್ನೆರಡರಲ್ಲಿ ಬೆಳೆ. ಹಳ್ಳಿಯಲ್ಲಿ ಓದು ಬರದ ಅಜ್ಜ ಕೂಡ "ಒಂಬತ್ನೇ ಕಾಲಂ ಸರಿ ಐತಾ ನೋಡು" ಅಂತಾನೆ. ಅವನಿಗೆ ಬೇಕಾದದ್ದು ಅದೊಂದೇ.

ಇಲ್ಲೊಂದು ತಮಾಷೆ ನೋಡಿ. ಗೌರಿಬಿದನೂರಿನ ಹತ್ತಿರ 1976ರಲ್ಲಿ ಒಂದು ರೇಡಿಯೋ ದೂರದರ್ಶಕ ಕೆಲಸ ಶುರುಮಾಡಿತು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ್ದು. ‘ಟಿ’ ಆಕಾರದಲ್ಲಿ 1000 ಆಂಟೆನಾಗಳು, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದಿಂದ ಬರೋ ಸದ್ದು ಹಿಡಿಯೋಕೆ. ಅದೇ ತಾಲ್ಲೂಕಿನಲ್ಲಿ ನೆಲದ ಲೆಕ್ಕ ಮಾತ್ರ ಇನ್ನೂ ಕಾಲು ಶತಮಾನ ಲೆಕ್ಕಿಗರ ಚೀಲದಲ್ಲಿ, ನೀಲಿ ಶಾಯಿಯಲ್ಲಿ ಓಡಾಡ್ಕೊಂಡಿತ್ತು :) ನೆಲಕ್ಕಿಂತ ಆಕಾಶ ಸುಲಭ ಅಂತ ಕಾಣುತ್ತೆ. ಆಕಾಶಕ್ಕೆ ದಾಯಾದಿಗಳಿಲ್ಲವಲ್ಲ!

ಪಹಣಿಯನ್ನು ಕಂಪ್ಯೂಟರಿಗೆ ಹಾಕೋ ಪ್ರಯತ್ನ ರಾಜ್ಯದಲ್ಲಿ 1991ರಲ್ಲೇ ಗುಲ್ಬರ್ಗ ಜಿಲ್ಲೆಯಲ್ಲಿ ಶುರುವಾಗಿತ್ತು. ಅದು ಬೇಗ ಕುದುರಲಿಲ್ಲ. ನಿಜವಾದ ಕೆಲಸ ನಡೆದದ್ದು ‘ಭೂಮಿ’ ಯೋಜನೆಯಲ್ಲಿ. ತಂತ್ರಾಂಶ ಮಾಡಿದ್ದು ಎನ್.ಐ.ಸಿ., ಹಿಂದೆ ನಿಂತು ಓಡಿಸಿದ್ದು ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿ ಭೂಮಿ ಕೇಂದ್ರಗಳಿದ್ದವು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರ ಹೆಸರು. ಆಗ ಈ ನಾಲ್ಕೂ ತಾಲ್ಲೂಕುಗಳು ಕೋಲಾರ ಜಿಲ್ಲೆಯಲ್ಲಿದ್ದವು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಶುರುವಿನಲ್ಲಿ 15 ರೂಪಾಯಿ ಕೊಟ್ಟರೆ ಕೈಗೆ ಪಹಣಿ ಸಿಗ್ತಿತ್ತು. ತಾಲ್ಲೂಕಿನಲ್ಲಿ ಭೂಮಿ ಶುರುವಾದ ಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲ. ಕೌಂಟರಿನಲ್ಲಿ ಕೂತವರು ಒಳಗೆ ಹೋಗೋಕೆ ಬೆರಳಚ್ಚು ಕೊಡಬೇಕು. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿಗೇ ಮೊದಲ ಸರದಿ, ಬೇಕಾದವರನ್ನು ಮುಂದೆ ತಳ್ಳೋ ಹಾಗಿಲ್ಲ. ಇವೆಲ್ಲ ಒಳ್ಳೇ ಯೋಚನೆಗಳೇ, ನಾನಂತೂ ಮೆಚ್ಚಿದ್ದೀನಿ.

ಅದರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಎರಡನೇ ಪರದೆ. ಭೂಮಿ ಕೇಂದ್ರದಲ್ಲಿ ಕೂತವರ ಮುಂದೆ ಒಂದು ಮಾನಿಟರ್ ಇದ್ದರೆ, ರೈತನ ಕಡೆಗೆ ಮುಖ ಮಾಡಿ ಇನ್ನೊಂದು. ಒಳಗೆ ಏನು ಮಾಡ್ತಾರೋ ಅದೆಲ್ಲ ಇವನಿಗೂ ಕಾಣಬೇಕು ಅಂತ. ಎಷ್ಟು ಜನ ತಂತ್ರಾಂಶ ಮಾಡೋರು ಇವತ್ತಿಗೂ ಇಷ್ಟು ಯೋಚಿಸ್ತಾರೆ ಹೇಳಿ? ಆದರೆ ಕಾಣೋದು ಬೇರೆ, ತಿಳಿಯೋದು ಬೇರೆ. ಈ ಪ್ರದೇಶ ಹೇಗಿದೆ ಅಂದ್ರೆ, ಬಹಳಷ್ಟು ಮನೆಗಳಲ್ಲಿ ಮಾತು ತೆಲುಗು, ಶಾಲೆ ಮತ್ತು ಕಛೇರಿ ಕನ್ನಡ. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು ತೆಲುಗು ಕನ್ನಡ ಎರಡರಲ್ಲೂ ಕೀರ್ತನೆ ಕಟ್ಟಿದವರು. ಜನಕ್ಕೆ ಎರಡೂ ಬಾಯಿಗೆ ಬರುತ್ತೆ, ಆದರೆ ‘ಸ್ವಾಧೀನದಾರ’, ‘ಫೂಟ್ ಖರಾಬು’, ‘ಋಣಗಳು’ ಅನ್ನೋದು ಯಾರ ಮನೆ ಭಾಷೆ? ಪರದೆಯಲ್ಲಿ ಅಕ್ಷರಗಳು ಸ್ಪಷ್ಟವಾಗಿ, ಮೋಡಿ ಇಲ್ಲದೆ ನಿಂತಿವೆ. ಅದನ್ನು ಓದಿ ಹೇಳೋಕೆ ಮತ್ತೆ ಪಕ್ಕದಲ್ಲಿ ಒಬ್ಬ ಬೇಕು. ತಾಲ್ಲೂಕು ಕಛೇರಿಯ ಎದುರಿನ ಅರ್ಜಿ ಬರೆಯೋರು, ಜೆರಾಕ್ಸ್ ಅಂಗಡಿಯೋರು ಬದುಕಿರೋದು ಆ ಸಂದಿನಲ್ಲೇ.

ಹಾಗಂತ ರೈತನಿಗೆ ಏನೂ ತಿಳಿಯಲ್ಲ ಅಂತ ತೀರ್ಮಾನ ಮಾಡೋ ಮೊದಲು ಒಂದು ಲೆಕ್ಕ ಕೊಡ್ತೀನಿ, ಮಾಡಿ ನೋಡಿ.

ಪಹಣಿಯಲ್ಲಿ ವಿಸ್ತೀರ್ಣ 1.10 ಅಂತಿದೆ. ಇಬ್ಬರು ಅಣ್ಣತಮ್ಮಂದಿರು ಸಮನಾಗಿ ಭಾಗ ಮಾಡ್ಕೋಬೇಕು. ತಲಾ ಎಷ್ಟು?

ಕ್ಯಾಲ್ಕುಲೇಟರ್ ಒತ್ತಿದರೆ 0.55 ಅನ್ನುತ್ತೆ. ನಮ್ಮಲ್ಲಿ ಯಾರನ್ನೇ ಆಗಲಿ ಸುಮ್ಮನೆ ಕೇಳಿದರೆ ಅದನ್ನೇ ಹೇಳ್ತೀವಿ. ಆದರೆ 1.10 ಅಂದ್ರೆ ಒಂದು ಎಕರೆ ಹತ್ತು ಗುಂಟೆ. ಎಕರೆಗೆ 40 ಗುಂಟೆ, ಒಟ್ಟು 50 ಗುಂಟೆ. ಅರ್ಧ 25. ಪಹಣಿಯಲ್ಲಿ ಬರೆಯೋದು 0.25. ಕ್ಯಾಲ್ಕುಲೇಟರ್ ಪ್ರಕಾರ ಬರೆದರೆ ಒಬ್ಬೊಬ್ಬನಿಗೂ 55 ಗುಂಟೆ – ಇಡೀ ಜಮೀನಿಗಿಂತ ಒಬ್ಬನ ಭಾಗವೇ ದೊಡ್ಡದು! ಗುಂಟೆಗೆ ಮತ್ತೆ 16 ಆಣೆ. ಅಳೆಯೋ ಸರಪಳಿ 33 ಅಡಿ. 33 ಅಡಿ ಉದ್ದ 33 ಅಡಿ ಅಗಲ ಅಂದ್ರೆ ಒಂದು ಗುಂಟೆ, 1089 ಚದರಡಿ. ಅದರ ನಲವತ್ತರಷ್ಟು 43,560 ಚದರಡಿ, ಅದೇ ಎಕರೆ. ಒಂದೇ ಅಂಕೆಯಲ್ಲಿ ಚುಕ್ಕಿಯ ಆಚೆಗೆ ನಲವತ್ತರ ಲೆಕ್ಕ, ಅದರಾಚೆ ಹದಿನಾರರ ಲೆಕ್ಕ. ಇದನ್ನು ಶಿಡ್ಲಘಟ್ಟದ ಹಿಪ್ಪುನೇರಳೆ ತೋಟದಲ್ಲಿ ನಿಂತ ರೈತ ಬಾಯಲ್ಲೇ ಮಾಡಿ ಬಿಸಾಕ್ತಾನೆ. ಅವನ ಜಮೀನನ್ನು ಎಕ್ಸೆಲ್‌ನಲ್ಲಿ ಕೂಡೋ ನಾವು 1.20ಕ್ಕೆ 1.20 ಕೂಡಿಸಿ 2.40 ಅಂತೀವಿ. ಅವನು ಮೂರು ಎಕರೆ ಅಂತಾನೆ. ಈಗ ಹೇಳಿ, ತಿಳುವಳಿಕೆ ಕಡಿಮೆ ಯಾರಿಗೆ?

ಹೆಸರಿನ ವಿಷಯವೂ ಹೀಗೇ. ಈ ಕಡೆ ಒಂದೊಂದು ಊರಲ್ಲಿ ನಾಲ್ಕು ಮುನಿಯಪ್ಪ, ಐದು ವೆಂಕಟರಮಣಪ್ಪ ಇರ್ತಾರೆ. ದೊಡ್ಡ ಮುನಿಯಪ್ಪ, ಚಿಕ್ಕ ಮುನಿಯಪ್ಪ, ಬಾವಿ ಮನೆ ಮುನಿಯಪ್ಪ ಅಂತ ಊರಿಗೆ ಗುರುತಿದೆ. ಹಳೇ ಲೆಕ್ಕಿಗನಿಗೂ ಆ ಗುರುತು ಗೊತ್ತಿತ್ತು, ಹಾಗಾಗಿ ಪುಸ್ತಕದಲ್ಲಿ ಹೇಗೆ ಬರೆದರೂ ನಡೀತಿತ್ತು. ಕಂಪ್ಯೂಟರಿಗೆ ‘ವೆಂಕಟರಮಣಪ್ಪ’ ಬೇರೆ, ಮಧ್ಯೆ ಒಂದು ಜಾಗ ಬಿಟ್ಟ ‘ವೆಂಕಟ ರಮಣಪ್ಪ’ ಬೇರೆ. ಮುನಿಸ್ವಾಮಿ ಬೇರೆ, ಮುನಿಶಾಮಿ ಬೇರೆ. ಈ ಜಾಗ ಬಿಡೋದು ಇಷ್ಟು ದುಬಾರಿ ಅಂತ ಬಹಳ ಜನಕ್ಕೆ ಗೊತ್ತಾದದ್ದು 2018ರ ಬೆಳೆಸಾಲ ಮನ್ನಾ ಹೊತ್ತಿಗೆ. ಆಗ ಆಧಾರ್, ಪಡಿತರ ಚೀಟಿ, ಪಹಣಿ ಮೂರನ್ನೂ ಹೊಂದಿಸಿ ನೋಡಿದರು. ಮೂರು ಕಡೆ ಮೂರು ಥರ ಬರೆಸಿಕೊಂಡವನು ಕಛೇರಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಕಛೇರಿಗೆ ಅಲೀಬೇಕು. "ನಾನೇ ಕಣ್ ಸ್ವಾಮಿ ಮೂರೂ" ಅಂದರೆ ಒಪ್ಪೋದು ಮನುಷ್ಯ, ಯಂತ್ರ ಅಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಇದಕ್ಕೆ ಒಳ್ಳೇ ಎದುರು ಉದಾಹರಣೆ. ರೇಷ್ಮೆ ಗೂಡು ಮಾರೋದ್ರಲ್ಲಿ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಇದೂ ಒಂದು. ಅಲ್ಲಿಗೂ ಎಲೆಕ್ಟ್ರಾನಿಕ್ ತಕ್ಕಡಿ ಬಂತು, ಇ-ಹರಾಜು ಬಂತು. ರೀಲರುಗಳು ಮೊಬೈಲಿನಲ್ಲೇ ಬೆಲೆ ಕೂಗ್ತಾರೆ. ಗೂಡು ತಂದ ರೈತ ಆ ಆ್ಯಪ್ ಹೇಗೆ ಕೆಲಸ ಮಾಡುತ್ತೆ ಅಂತ ತಲೆ ಕೆಡಿಸಿಕೊಳ್ಳಲ್ಲ. ಆದರೆ ಅದರಲ್ಲಿ ತಪ್ಪಾದರೆ ಅವತ್ತೇ ಹಿಡೀತಾನೆ. ತನ್ನ ಲಾಟಿನ ತೂಕ ಗೊತ್ತು, ಪಕ್ಕದವನ ಬೆಲೆ ಗೊತ್ತು, ಸಂಜೆಯೊಳಗೆ ಲೆಕ್ಕ ಕಣ್ಣಮುಂದೆ. ಪಹಣಿ ಹಾಗಲ್ಲ. ಹನ್ನೊಂದನೇ ಕಾಲಂನಲ್ಲಿ ಇವತ್ತು ಬಿದ್ದ ತಪ್ಪು ಮಗಳ ಮದುವೆಗೆ ಸಾಲ ಕೇಳೋಕೆ ಹೋದ ದಿನ ಗೊತ್ತಾಗುತ್ತೆ, ಹತ್ತು ವರ್ಷದ ನಂತರ. ಅಷ್ಟರಲ್ಲಿ ಟೈಪು ಮಾಡಿದವನೂ ಇಲ್ಲ, ಸಹಿ ಹಾಕಿದ ಲೆಕ್ಕಿಗನೂ ಇಲ್ಲ. ಉಳಿದಿರೋದು ಕಂಪ್ಯೂಟರ್ ಒಂದೇ. ಮತ್ತೆ ಯಾರ ಮೇಲೆ ಹೇಳಬೇಕು?

ಶುರುವಿನಲ್ಲಿ ಭೂಮಿಯ ಸರ್ವರು ಆಯಾ ತಾಲ್ಲೂಕು ಕಛೇರಿಯಲ್ಲೇ ಇರ್ತಿತ್ತು. ಆಮೇಲೆ ಎಲ್ಲವೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿತು. ಅಲ್ಲಿಂದ ನಮ್ಮ ಭಾಷೆಗೆ ಹೊಸ ಮಾತು ಬಂತು: "ಸರ್ವರ್ ಇಲ್ಲ". ಸಾಹೇಬರು ಇಲ್ಲ, ಊಟಕ್ಕೆ ಹೋಗಿದ್ದಾರೆ ಅಂದ ಹಾಗೇ. ಸರ್ವರ್ ಅನ್ನೋದು ಬೆಂಗಳೂರಲ್ಲಿರೋ ದೊಡ್ಡ ಅಧಿಕಾರಿ ಅಂತ ತಿಳಿದವರೂ ಇದ್ದಾರು. ಯೋಚಿಸಿದರೆ ಅದು ಪೂರ್ತಿ ತಪ್ಪೂ ಅಲ್ಲ.

ಯಾಕಂದ್ರೆ ದಾಖಲೆ ಒಂದು ಕಡೆ ಸೇರಿದರೆ ಯಾರಿಗೆ ಲಾಭ ಅನ್ನೋ ಪ್ರಶ್ನೆ ಇದೆ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಭೂಮಿ ಬಗ್ಗೆ ಮಾಡಿದ ಅಧ್ಯಯನದಲ್ಲಿ ಕೇಳಿದ್ದು ಇದನ್ನೇ. ದಾಖಲೆ ಕೇಂದ್ರೀಕೃತವಾದಾಗ ಬೆಂಗಳೂರಿನ ಸುತ್ತಮುತ್ತ ಜಮೀನು ಹುಡುಕೋ ದೊಡ್ಡವರಿಗೆ ದಾರಿ ಸಲೀಸಾಯ್ತು, ಸಣ್ಣ ರೈತನಿಗೆ ಅಲ್ಲ ಅಂತ ಅವರ ವಾದ. ಸರ್ಕಾರದ ಕಡೆಯವರು ಹೇಳೋ ಪಾರದರ್ಶಕತೆಯ ಕಥೆಗೆ ಇದು ನೇರ ಎದುರು. ನನಗನ್ನಿಸೋದು, ಎರಡೂ ನಿಜ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯ್ತು, ಚಿಕ್ಕಬಳ್ಳಾಪುರ ಅದರ ಪಕ್ಕದ್ದೇ. ಪರದೆ ಎಲ್ಲರಿಗೂ ಒಂದೇ. ಅದರ ಮುಂದೆ ವಕೀಲನನ್ನೂ ಸರ್ವೇಯರನ್ನೂ ಜೊತೆಗಿಟ್ಟುಕೊಂಡು ಕೂತವನು ಓದೋದಕ್ಕೂ, ಕನ್ನಡಕ ಮನೇಲಿ ಮರೆತು ಬಂದ ಅಜ್ಜ ನೋಡೋದಕ್ಕೂ ವ್ಯತ್ಯಾಸ ಇದ್ದೇ ಇರುತ್ತೆ.

ಆಮೇಲೆ ಬಂದದ್ದೆಲ್ಲ ಬೇಗ ಬೇಗ. 2020ರ ಮುಂಗಾರಿನಲ್ಲಿ ಹನ್ನೆರಡನೇ ಕಾಲಂನ ಬೆಳೆ ವಿವರವನ್ನು ರೈತರೇ ಮೊಬೈಲಿನಲ್ಲಿ ಫೋಟೋ ತೆಗೆದು ಹಾಕಬಹುದು ಅಂತ ಆ್ಯಪ್ ಬಂತು. ಹಳ್ಳಿಯಲ್ಲಿ ಅದನ್ನು ತುಂಬಿಕೊಟ್ಟವರು ಕಾಲೇಜಿಗೆ ಹೋಗೋ ಮಕ್ಕಳು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸೋ ಕೆಲಸ ಜೋರಾಯ್ತು. ಆಗ ಗೊತ್ತಾಗಿದ್ದು ಏನಪ್ಪಾ ಅಂದ್ರೆ, ರಾಜ್ಯದಲ್ಲಿ ಲಕ್ಷಾಂತರ ಪಹಣಿಗಳು ಇನ್ನೂ ತೀರಿಹೋದವರ ಹೆಸರಲ್ಲೇ ಇವೆ. ಅಜ್ಜ ಹೋದ ಮೇಲೆ ಪೌತಿ ಖಾತೆ ಮಾಡಿಸಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. ಮೊಮ್ಮಕ್ಕಳೆಲ್ಲ ಒಂದೆಡೆ ಕೂತು ಸಹಿ ಹಾಕೋದು ಯಾವ ತಂತ್ರಾಂಶಕ್ಕೂ ಬಗ್ಗದ ಕೆಲಸ.

ಇಷ್ಟಕ್ಕೂ ಆಧಾರ್ ಜೋಡಿಸೋ ಕೆಲಸ ಬಿದ್ದದ್ದು ಯಾರ ಮೇಲೆ? ಶಾನುಭೋಗರ ಜಾಗಕ್ಕೆ ಬಂದ ಗ್ರಾಮ ಲೆಕ್ಕಿಗರ ಮೇಲೆ. ಈಗ ಅವರ ಹೆಸರು ಗ್ರಾಮ ಆಡಳಿತ ಅಧಿಕಾರಿ. ಕಡತ ಹೋಗಿ, ಚೀಲ ಹೋಗಿ, ಕೈಯಲ್ಲಿ ಮೊಬೈಲು. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತರು. ಅವರ ದೂರುಗಳಲ್ಲಿ ಮುಖ್ಯವಾದದ್ದು ಇದು: ಹತ್ತಾರು ಆ್ಯಪ್‌ಗಳನ್ನು ಹೇರಿದ್ದೀರಿ, ಅದಕ್ಕೆ ತಕ್ಕ ಮೊಬೈಲಿಲ್ಲ, ಇಂಟರ್ನೆಟ್ ಇಲ್ಲ, ಕೂರೋಕೆ ಕಛೇರಿಯೂ ಇಲ್ಲ.