ಬೇಲಿ ಕಾಯದ ಚಿಟ್ಟೆ

ಲಾರ್ಜ್ ಬ್ಲೂ ಚಿಟ್ಟೆ ಕಡಿಮೆಯಾಗುತ್ತಿದ್ದಂತೆ ಇಂಗ್ಲೆಂಡಿನಲ್ಲಿ ದೂರು ಹೊತ್ತವರು ಚಿಟ್ಟೆ ಹಿಡಿಯುವ ಸಂಗ್ರಾಹಕರು. ಅವರನ್ನು ತಡೆಯಲು ಹುಲ್ಲುಗಾವಲಿಗೆ ಬೇಲಿ ಬಿತ್ತು. ದನಕುರಿಗಳೂ ಹೊರಗುಳಿದವು, ಚಿಟ್ಟೆಯೂ ಉಳಿಯಲಿಲ್ಲ.

ಕಾರಣವನ್ನು 1970ರ ದಶಕದಲ್ಲಿ ಬಿಡಿಸಿದವರು ಜೆರೆಮಿ ಥಾಮಸ್. ಇದರ ಮರಿಹುಳ ಮೊದಲು ಕಾಡು ಥೈಮ್ ಹೂ ತಿನ್ನುತ್ತದೆ. ಆಮೇಲೆ ಇರುವೆಗಳನ್ನು ಮರುಳುಮಾಡಿ ಗೂಡು ಸೇರಿ, ಅವುಗಳ ಮರಿಗಳನ್ನೇ ತಿಂದು ಬೆಳೆಯುತ್ತದೆ. ಅಲ್ಲಿ ಅದಕ್ಕೆ ಒಗ್ಗಿದ್ದು ಮಿರ್ಮಿಕಾ ಸಬುಲೇಟಿ ಎಂಬ ಒಂದೇ ಜಾತಿಯ ಇರುವೆ. ಆ ಇರುವೆಗೆ ಬಿಸಿಲು ತಾಗುವ ನೆಲ, ಮೇದು ಗಿಡ್ಡವಾದ ಹುಲ್ಲು ಬೇಕು. ಮೇಯಿಸುವುದು ನಿಂತಿತು; 1950ರ ದಶಕದಲ್ಲಿ ರೋಗ ಬಡಿದು ಮೊಲಗಳೂ ಸತ್ತವು. ಹುಲ್ಲು ಎತ್ತರಕ್ಕೆ ಬೆಳೆದು ನೆಲ ತಣ್ಣಗಾಯಿತು, ಇರುವೆ ಹೋಯಿತು.

ಉತ್ತರ ಸಿಗುವಷ್ಟರಲ್ಲಿ ಹೊತ್ತು ಮೀರಿತ್ತು. 1979ರಲ್ಲಿ ಚಿಟ್ಟೆ ಬ್ರಿಟನ್ನಿನಿಂದ ಅಳಿಯಿತು. 1983ರಿಂದ ಸ್ವೀಡನ್ನಿನ ಸಂತತಿ ತಂದು ಮತ್ತೆ ನೆಲೆಗೊಳಿಸಿದರು. ಈಗ ಆ ಗುಡ್ಡಗಳಲ್ಲಿ ದನ ಮೇಯಿಸುವುದೂ ಸಂರಕ್ಷಣೆಯ ಕೆಲಸವೇ.