ತೊಲ, ಗ್ರೇನ್ ಮತ್ತು ಒಂದು ಗಾಳದ ಹುರಿ

2018ರ ಬೇಸಿಗೆಯಲ್ಲಿ ನಾನು ಅಮೆರಿಕೆಯ ಮಿಷಿಗನ್ ರಾಜ್ಯದ ಮಿಡ್‌ಲ್ಯಾಂಡ್ ಎಂಬ ಊರಿನಲ್ಲಿ, ಮಗಳ ಮನೆಯಲ್ಲಿ, ನಾಲ್ಕು ತಿಂಗಳು ಇದ್ದೆ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ವೃದ್ಧರೊಬ್ಬರಿದ್ದರು. ಹಿಂದಿನ ಚಳಿಗಾಲದಲ್ಲಿ ಅವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿತ್ತು. ಒಂದು ಸಂಜೆ ಅವರ ಪತ್ನಿ ನಮ್ಮ ಮನೆಗೆ ಬಂದು, ಸೀಳುಬಿದಿರಿನ ಒಂದು ಗಾಳದ ಕೋಲನ್ನೂ ಒಂದು ತಗಡಿನ ಡಬ್ಬಿಯನ್ನೂ ನನ್ನ ಮೊಮ್ಮಗನ ಕೈಗಿತ್ತು ಹೋದರು. ಏಳಡಿಯ ಕೋಲು. ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಅನಿಸದಷ್ಟು ಹಗುರ. ಅದರ ಮೇಲೆ ಮಸಿಯಲ್ಲಿ ಬರೆದಿದ್ದ ಅಕ್ಷರಗಳು ಅಳಿಸಿಹೋಗಿದ್ದವು. ಡಬ್ಬಿಯೊಳಗೆ ಸುರುಳಿ ಸುತ್ತಿದ ಒಂದು ಹುರಿ, ಮುಚ್ಚಳದ ಮೇಲೆ "ಎಚ್ ಇ ಎಚ್" ಎಂಬ ಮೂರು ಅಕ್ಷರಗಳು.

"ತಾತ, ನೀವು ಹಿಸ್ಟರಿ ಮೇಷ್ಟ್ರಲ್ವಾ, ಇದೇನು ಹೇಳಿ" ಎಂದು ಹದಿಮೂರರ ಹುಡುಗ ಕೇಳಿದ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಚರಿತ್ರೆ ಹೇಳಿದ ನನಗೆ ಆ ಮೂರು ಅಕ್ಷರಗಳ ಅರ್ಥ ತಿಳಿಯಲಿಲ್ಲ. ಆದರೆ ಡಬ್ಬಿ ತೆರೆದೊಡನೆ ಅಗಸೆ ಎಣ್ಣೆಯ ವಾಸನೆ ಬಂತು. ಹುರಿಯನ್ನು ಬೆರಳ ನಡುವೆ ಹಿಡಿದಾಗ ಅದು ರೇಷ್ಮೆಯೆಂದು ಯಾರೂ ಹೇಳಬೇಕಾಗಲಿಲ್ಲ. ನಾನು ರಾಮನಗರದಲ್ಲಿ ನೂಲು ಬಿಚ್ಚುವವರ ಮನೆಯಲ್ಲಿ ಹುಟ್ಟಿದವನು. ಕುದಿಯುವ ಬಾಂಡಲಿಯಲ್ಲಿ ಗೂಡು ಹಾಕಿ, ಚರಕ ತಿರುಗಿಸಿ ನೂಲು ತೆಗೆಯುತ್ತಿದ್ದ ತಂದೆಯವರು ಎಳೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ಅದರ ದರ ಹೇಳಿಬಿಡುತ್ತಿದ್ದರು.

ಹುರಿಯ ಒಂದು ತುದಿ ಕೊಳೆತು, ಜಗ್ಗಿದರೆ ಹರಿಯುವಂತಿತ್ತು. ಹೊಸದು ಬೇಕು. ಯಾವುದು? ಕೋಲಿನ ಮೇಲೆ ಬರಹವಿಲ್ಲ, ಬಲ್ಲವರಿಗೆ ಮಾತಿಲ್ಲ. ಹೀಗೆ ಆರಂಭವಾಯಿತು ನನ್ನ ಹುಡುಕಾಟ. ಮೀನು ಮುಟ್ಟದ ಮನೆತನದವನಿಗೆ ಈ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಅಲ್ಲಿನವರು ಹಿಡಿದ ಟ್ರೌಟ್ ಮೀನನ್ನು ಬಹುಮಟ್ಟಿಗೆ ನೀರಿಗೇ ಬಿಡುತ್ತಾರೆಂದು ಮಗಳು ಸಮಾಧಾನ ಹೇಳಿದಳು. ಮೀನಿಗೆ ಅದೆಷ್ಟು ಸಮಾಧಾನವೋ ಕಾಣೆ.

ನಮ್ಮ ಕೆರೆಗಳಲ್ಲಿ ಎರೆಹುಳು ಸಿಕ್ಕಿಸಿ ಎಸೆಯುವ ಗಾಳಕ್ಕೂ ಇದಕ್ಕೂ ಮೂಲದಲ್ಲೇ ಭೇದವಿದೆ. ಅಲ್ಲಿ ತುದಿಯ ಸೀಸದ ಗುಂಡು ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಫ್ಲೈ ಫಿಶಿಂಗ್ ಎಂಬ ನೊಣದ ಗಾಳದಲ್ಲಿ ತುದಿಗಿರುವುದು ಗರಿ, ರೋಮಗಳನ್ನು ಕೊಂಡಿಗೆ ಕಟ್ಟಿ ಮಾಡಿದ ಕೃತಕ ನೊಣ. ಅದಕ್ಕೆ ತೂಕವೇ ಇಲ್ಲವೆನ್ನಬಹುದು, ಎಸೆದರೆ ಕಾಲಬುಡದಲ್ಲೇ ಬೀಳುತ್ತದೆ. ಆದ್ದರಿಂದ ಇಲ್ಲಿ ಎಸೆಯುವುದು ಹುರಿಯನ್ನೇ. ಹುರಿಯ ಭಾರಕ್ಕೆ ಕೋಲು ಬಿಲ್ಲಿನಂತೆ ಬಾಗಿ, ಮತ್ತೆ ನೆಟ್ಟಗಾಗುವಾಗ ಹುರಿಯನ್ನು ಮುಂದಕ್ಕೆ ಚಿಮ್ಮುತ್ತದೆ. ಹುರಿ ಕೋಲಿಗಿಂತ ಹಗುರವಾದರೆ ಕೋಲು ಬಾಗದು. ಭಾರವಾದರೆ ಬಾಗಿದ್ದು ಏಳದು. ಹಳೆಯ ಬಿದಿರಾದರೆ ಮುರಿದರೂ ಮುರಿಯಬಹುದು. ಕೋಲು ಹಗುರವಾದಷ್ಟೂ ತಪ್ಪಿಗೆ ಅವಕಾಶ ಕಡಿಮೆ.

ಈ ವಿದ್ಯೆ ಬಹಳ ಹಳೆಯದು. ಕ್ರಿ.ಶ. 200ರ ಸುಮಾರಿನಲ್ಲಿ ರೋಮಿನ ಲೇಖಕ ಏಲಿಯನ್, ಮ್ಯಾಸಿಡೋನಿಯದ ಜನರು ಕೆಂಪು ಉಣ್ಣೆಗೆ ಹುಂಜದ ಗರಿ ಕಟ್ಟಿ ಮೀನು ಹಿಡಿಯುವುದನ್ನು ವರ್ಣಿಸಿದ್ದಾನೆ. ಅವರ ಕೋಲು ಆರಡಿ, ದಾರವೂ ಆರಡಿ. ಇಂಗ್ಲೆಂಡಿನಲ್ಲಿ 1496ರಲ್ಲಿ ವಿಂಕಿನ್ ಡಿ ವೋರ್ಡ್ ಎಂಬ ಮುದ್ರಕ ಅಚ್ಚು ಹಾಕಿದ ಗಾಳಶಾಸ್ತ್ರದ ಪ್ರಬಂಧವೊಂದಿದೆ. ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಬರೆದದ್ದೆಂದು ಪ್ರತೀತಿ, ವಿದ್ವಾಂಸರು ಒಪ್ಪುವುದಿಲ್ಲ. ಅದರಲ್ಲಿ ಹುರಿ ಮಾಡುವುದು ಬಿಳಿ ಕುದುರೆಯ ಬಾಲದ ಕೂದಲಿನಿಂದ. ನೀರಿನ ಬಣ್ಣಕ್ಕೆ ತಕ್ಕಂತೆ ಕೂದಲಿಗೆ ಬಣ್ಣ ಕಟ್ಟಬೇಕು. ಯಾವ ಮೀನಿಗೆ ಎಷ್ಟು ಕೂದಲೆಂಬ ಲೆಕ್ಕವೂ ಇದೆ: ಅತಿ ಸಣ್ಣ ಮೀನಿಗೆ ಒಂದೇ ಕೂದಲು, ಟ್ರೌಟ್‌ಗೆ ಒಂಬತ್ತು, ದೊಡ್ಡ ಟ್ರೌಟ್‌ಗೆ ಹನ್ನೆರಡು, ಸಾಲ್ಮನ್‌ಗೆ ಹದಿನೈದು.

ಹುರಿಯನ್ನು ಆರಿಸುವ ಮೊದಲ ಮಾನದಂಡ ಇದೇ, ಕೂದಲೆಣಿಕೆ. ಐಸಾಕ್ ವಾಲ್ಟನ್ನನ ಪ್ರಸಿದ್ಧ ಗ್ರಂಥ 1653ರಲ್ಲಿ ಬಂದಾಗಲೂ, ಅದರ 1676ರ ಆವೃತ್ತಿಗೆ ಚಾರ್ಲ್ಸ್ ಕಾಟನ್ ಎರಡನೆಯ ಭಾಗ ಬರೆದು ಸೇರಿಸಿದಾಗಲೂ ಕುದುರೆಕೂದಲೇ ಇತ್ತು. ಕೋಲಿನ ಕಡೆ ಹೆಚ್ಚು ಕೂದಲು, ನೊಣದ ಕಡೆಗೆ ಬರುತ್ತ ಕಡಿಮೆ. ಎರಡು ಕೂದಲಿನಲ್ಲಿ ಇಪ್ಪತ್ತಂಗುಲದ ಟ್ರೌಟ್ ಹಿಡಿಯಲಾರದವನು ಗಾಳಗಾರನೇ ಅಲ್ಲವೆಂಬುದು ಕಾಟನ್ನನ ಮತ. ಜಂಭದ ಮನುಷ್ಯ. ಆದರೆ ಹುರಿಯ ಮೈ ಒಂದೇ ಸಮನಾಗಿರದೆ ತುದಿಗೆ ಸಪೂರಾಗಬೇಕೆಂಬ ತತ್ತ್ವ ಅಂದೇ ಗಟ್ಟಿಯಾಗಿತ್ತು ಎಂಬುದು ಗಮನಾರ್ಹ.

ಹತ್ತೊಂಬತ್ತನೆಯ ಶತಮಾನದಲ್ಲಿ ರೇಷ್ಮೆ ಬಂದು ಕುದುರೆಕೂದಲನ್ನು ಓಡಿಸಿತು. ಹೆಣೆದ ರೇಷ್ಮೆಗೆ ಅಗಸೆ ಎಣ್ಣೆ ಕುಡಿಸಿ, ಒಣಗಿಸಿ, ಉಜ್ಜಿ, ಮತ್ತೆ ಕುಡಿಸಿ ಮಾಡಿದ ಹುರಿ ನುಣುಪೂ ಭಾರವೂ ಆಗಿತ್ತು. ಗಾಳಿಗೆ ಎದುರಾಗಿ ಎಸೆಯಬಹುದಿತ್ತು. ನೊಣವನ್ನು ನೀರಿನ ಮೇಲೆ ತೇಲಿಸುವ ಪದ್ಧತಿ ಬೆಳೆದದ್ದೂ ಇದರ ಬಲದಿಂದಲೇ. ಫ್ರೆಡರಿಕ್ ಹಾಲ್ಫೋರ್ಡನ ತೇಲುನೊಣದ ಗ್ರಂಥ ಬಂದದ್ದು 1886ರಲ್ಲಿ. ಆದರೆ ರೇಷ್ಮೆಯ ಉಪಚಾರ ಬಾಣಂತಿಯ ಉಪಚಾರದಂತೆ. ತೇಲಬೇಕಾದರೆ ಕೊಬ್ಬು ಸವರಬೇಕು, ಸಂಜೆ ರಾಟೆಯಿಂದ ಪೂರ್ತಿ ಬಿಚ್ಚಿ ಗಾಳಿಗೆ ಹರವಬೇಕು. ಒದ್ದೆ ಸುತ್ತಿಟ್ಟರೆ ಕೊಳೆಯುತ್ತದೆ. ನಮ್ಮ ಡಬ್ಬಿಯ ಹುರಿಗೆ ಆದದ್ದು ಅದೇ. ವೃದ್ಧರು ಕಾಯಿಲೆ ಬೀಳುವ ಮುನ್ನ ಕೊನೆಯ ಸಲ ಹೋಗಿ ಬಂದಾಗ ಹರವಲಾಗಲಿಲ್ಲವೇನೋ.

ಹುರಿಗೂ ನೊಣಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಎಳೆ ಬೇಕು. ಅದನ್ನು ಮಾಡುತ್ತಿದ್ದ ಬಗೆಯನ್ನು ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸ್ಪೇನಿನ ಮುರ್ಸಿಯಾ ಪ್ರಾಂತದಲ್ಲಿ ಹಿಪ್ಪುನೇರಳೆ ತಿಂದು ಹಣ್ಣಾದ ಹುಳುವನ್ನು, ಗೂಡು ಕಟ್ಟಲು ಬಿಡದೆ, ವಿನೆಗರ್‌ನಲ್ಲಿ ನೆನೆಹಾಕುತ್ತಿದ್ದರು. ಆಮೇಲೆ ಅದರ ಹೊಟ್ಟೆ ಬಗೆದು, ಎರಡು ರೇಷ್ಮೆ ಗ್ರಂಥಿಗಳನ್ನು ಹೊರತೆಗೆದು, ಕೈಯಿಂದ ಎಳೆದು ತಂತಿಯಾಗಿಸಿ ಒಣಗಿಸುತ್ತಿದ್ದರು. ಒಂದು ಎಳೆ ಹೆಚ್ಚೆಂದರೆ ಒಂದೆರಡು ಅಡಿ. ನಾಲ್ಕು ಜ್ವರ ದಾಟಿಸಿ, ಮಗುವಿನಂತೆ ಸಾಕಿದ ಹುಳುವನ್ನು ಚಂದ್ರಿಕೆಗೆ ಬಿಡುವ ದಿನ ನಮ್ಮ ಕಡೆಯ ಮನೆಗಳಲ್ಲಿ ಒಂದು ಸಂಭ್ರಮ. ನಾವೂ ಅದನ್ನು ಕುದಿನೀರಿಗೆ ಹಾಕಿದವರೇ. ಪಾಪದ ಲೆಕ್ಕದಲ್ಲಿ ಮುರ್ಸಿಯಾದವರಿಗಿಂತ ಮೇಲಲ್ಲ. ಆದರೂ ಗೂಡು ಕಟ್ಟುವವರೆಗಾದರೂ ಬಿಡಬಹುದಿತ್ತು ಎನಿಸಿತು.

ಕೋಲಿನ ಚರಿತ್ರೆಯಲ್ಲೂ ನಮ್ಮ ದೇಶದ ನೆರಳಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಅಮೆರಿಕದವರು ಸೀಳುಬಿದಿರಿನ ಕೋಲು ಮಾಡತೊಡಗಿದಾಗ ಮೊದಲು ಬಳಸಿದ್ದು ಕಲ್ಕತ್ತಾ ಬಿದಿರು. ಚೀನಾದ ಟೊಂಕಿನ್ ಬಿದಿರು ಆಮೇಲಿನದು. ಇನ್ನೊಂದು ಮಾತು. ಭಾರತದಲ್ಲಿ ಗಾಳ ಹಾಕುವ ಬಗ್ಗೆ ಎಚ್.ಎಸ್. ಥಾಮಸ್ ಎಂಬ ಮದರಾಸು ಸಿವಿಲ್ ಅಧಿಕಾರಿ ಬರೆದ ಪ್ರಸಿದ್ಧ ಗ್ರಂಥ 'ದಿ ರಾಡ್ ಇನ್ ಇಂಡಿಯಾ' ಮೊದಲು ಪ್ರಕಟವಾದದ್ದು 1873ರಲ್ಲಿ, ನಮ್ಮ ಮಂಗಳೂರಿನಿಂದ! ಇರಲಿ, ವಿಷಯಕ್ಕೆ ಬರೋಣ.

ರೇಷ್ಮೆಯ ಕಾಲದಲ್ಲಿ ಕೂದಲೆಣಿಸುವಂತಿರಲಿಲ್ಲ. ಅಮೆರಿಕದವರು ದಪ್ಪ ಅಳೆದರು. 'ಎ' ಎಂದರೆ ಅಂಗುಲದ ಸಾವಿರದಲ್ಲಿ 60 ಭಾಗ ದಪ್ಪ. ಮುಂದಿನ ಪ್ರತಿ ಅಕ್ಷರಕ್ಕೂ 5 ಭಾಗ ಕಡಿಮೆ. ಹಾಗಾದರೆ 'ಇ' ಎಂದರೆ 40, 'ಎಚ್' ಎಂದರೆ 25. ನಮ್ಮ ಡಬ್ಬಿಯ ಒಗಟು ಒಡೆಯಿತು. ಎಚ್‌ನಷ್ಟು ಸಪೂರ ತುದಿಯಿಂದ ಹೊರಟು, ಇ‌ಯಷ್ಟು ದಪ್ಪ ಹೊಟ್ಟೆಗೆ ಏರಿ, ಮತ್ತೆ ಎಚ್‌ಗೆ ಇಳಿಯುವ ಹುರಿ. ಎರಡೂ ತುದಿ ಒಂದೇ ಬಗೆಯಾದ್ದರಿಂದ ಒಂದು ಸವೆದರೆ ತಿರುಗಿಸಿ ಕಟ್ಟಬಹುದು. ಇದನ್ನು ಡಬಲ್ ಟೇಪರ್ ಎನ್ನುತ್ತಾರೆ. ಭಾರವೆಲ್ಲ ಮುಂದಿನ ಭಾಗದಲ್ಲೇ ಇದ್ದು ಹಿಂದಿನದು ಬರೀ ಸಪೂರ ದಾರವಾಗಿರುವುದು ವೆಯ್ಟ್ ಫಾರ್ವರ್ಡ್. ದೂರ ಎಸೆಯುವವರಿಗೆ ಅದು ಅನುಕೂಲ. ಹಗುರ ಕೋಲು ಹಿಡಿದು ಸಣ್ಣ ಹೊಳೆಯಲ್ಲಿ ಇಪ್ಪತ್ತು ಮೂವತ್ತಡಿ ಎಸೆಯುವವನಿಗೆ ಎರಡಕ್ಕೂ ವ್ಯತ್ಯಾಸ ತಿಳಿಯುವುದೇ ಕಷ್ಟ. ಹಾಗಿರುವಾಗ ಎರಡು ಬಾಳಿಕೆ ಕೊಡುವ ಡಬಲ್ ಟೇಪರೇ ಮೇಲೆಂಬುದು ನನ್ನಂಥ ಪಿಂಚಣಿದಾರನ ತೀರ್ಮಾನ.

ದಪ್ಪದ ಲೆಕ್ಕ ಎಲ್ಲರೂ ರೇಷ್ಮೆ ಬಳಸುತ್ತಿದ್ದಷ್ಟು ಕಾಲ ನಡೆಯಿತು. ಎರಡನೆಯ ಮಹಾಯುದ್ಧದಲ್ಲಿ ರೇಷ್ಮೆ ದುರ್ಲಭವಾಯಿತು. 1938ರಲ್ಲಿ ಘೋಷಣೆಯಾಗಿದ್ದ ನೈಲಾನ್ ಅದರ ಜಾಗಕ್ಕೆ ಬಂತು. ನೈಲಾನ್ ರೇಷ್ಮೆಗಿಂತ ಹಗುರ. ಅದೇ ಎಚ್ ಇ ಎಚ್, ಅದೇ ದಪ್ಪ, ಆದರೆ ತೂಕ ಬೇರೆ, ಕೋಲು ಬಾಗುವುದಿಲ್ಲ. ಬಳಿಕ 1950ರ ದಶಕದಲ್ಲಿ ನೈಲಾನ್ ಹೆಣಿಗೆಯ ಮೇಲೆ ಪಿವಿಸಿ ಲೇಪಿಸಿ, ಲೇಪವನ್ನೇ ದಪ್ಪ ತೆಳು ಮಾಡಿ ಹುರಿಗೆ ಆಕಾರ ಕೊಡುವ ವಿಧಾನ ಬಂತು. ಅದನ್ನು ರೂಪಿಸಿದವರಲ್ಲಿ ಪ್ರಮುಖರು ಲಿಯಾನ್ ಮಾರ್ಟುಕ್ ಮತ್ತವರ ಸಂಗಡಿಗರ ಸೈಂಟಿಫಿಕ್ ಆಂಗ್ಲರ್ಸ್ ಸಂಸ್ಥೆ. 1945ರಲ್ಲಿ ಅದು ಹುಟ್ಟಿದ್ದು, ಆಶ್ಚರ್ಯವೆಂದರೆ, ನಾನು ಕುಳಿತು ಓದುತ್ತಿದ್ದ ಮಿಡ್‌ಲ್ಯಾಂಡಿನಲ್ಲಿಯೇ. ಲೇಪದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಟೊಳ್ಳು ಗಾಜಿನ ಗೋಲಿಗಳನ್ನು ಬೆರೆಸಿ ಹುರಿಯನ್ನು ತೇಲಿಸಿದರು. ಕೊಬ್ಬು ಸವರುವ, ಸಂಜೆ ಹರವುವ ಕೆಲಸ ತಪ್ಪಿತು.

ಅಕ್ಷರಗಳು ಅರ್ಥ ಕಳೆದುಕೊಂಡವು. 1960ರ ಆಸುಪಾಸಿನಲ್ಲಿ ಅಮೆರಿಕದ ಗಾಳದ ಸಾಮಗ್ರಿ ತಯಾರಕರ ಸಂಘ ದಪ್ಪವನ್ನು ಬಿಟ್ಟು ತೂಕಕ್ಕೆ ಬಂತು. ಹುರಿಯ ಮೊದಲ 30 ಅಡಿ ಎಷ್ಟು ಗ್ರೇನ್ ತೂಗುತ್ತದೆಂಬುದೇ ಅದರ ಸಂಖ್ಯೆ. 1ಕ್ಕೆ 60 ಗ್ರೇನ್, 2ಕ್ಕೆ 80, 3ಕ್ಕೆ 100, 4ಕ್ಕೆ 120, 5ಕ್ಕೆ 140, 6ಕ್ಕೆ 160. ಆಮೇಲೆ ಏರಿಕೆ ದೊಡ್ಡದು, 12ಕ್ಕೆ 380. ಹಗುರ ಕೋಲುಗಳೆಂದರೆ 4 ಮತ್ತು ಅದರ ಕೆಳಗಿನವು. ಗ್ರೇನ್ ಎಂದರೆ ಕಾಳು. ಬ್ರಿಟಿಷರ ಕಾಲದ ತೊಲ 180 ಗ್ರೇನ್. 96 ರತ್ತಿ, ಅಂದರೆ ಗುಲಗಂಜಿ, ಸೇರಿದರೆ ಒಂದು ತೊಲ. ಲೆಕ್ಕ ಹಾಕಿ ನೋಡಿ: 4ನೆಯ ಹುರಿಯ 30 ಅಡಿ ಸರಿಯಾಗಿ 64 ಗುಲಗಂಜಿ ತೂಗುತ್ತದೆ. ನಮ್ಮ ಅಕ್ಕಸಾಲಿಗರೂ ತೂಗಬಹುದಾಗಿದ್ದ ಲೆಕ್ಕ.

ನೂಲನ್ನು ದಪ್ಪದಿಂದಲ್ಲ, ಇಂತಿಷ್ಟು ಉದ್ದಕ್ಕೆ ಇಂತಿಷ್ಟು ತೂಕವೆಂದು ಅಳೆಯಬೇಕೆಂಬುದು ರೇಷ್ಮೆಯವರಿಗೆ ಗಾಳದವರಿಗಿಂತ ಬಹಳ ಮೊದಲೇ ಗೊತ್ತಿತ್ತು. ಡೀನಿಯರ್ ಎಂದರೆ ಅದೇ, 9000 ಮೀಟರಿಗೆ ಎಷ್ಟು ಗ್ರಾಂ ಎಂಬುದು. ಆ ಲೆಕ್ಕದಲ್ಲಿ 4ನೆಯ ಹುರಿ ಸುಮಾರು 7,650 ಡೀನಿಯರ್. ರೇಷ್ಮೆಯನ್ನೇ ಬಳಸುತ್ತಿದ್ದ ಗಾಳಗಾರರು ರೇಷ್ಮೆಯವರ ಅಳತೆಯನ್ನು ಏಕೆ ಕೇಳಲಿಲ್ಲವೋ!

ಇಷ್ಟು ತಿಳಿಯುವ ಹೊತ್ತಿಗೆ ನನ್ನ ಅಳಿಯ ಅವಸರಪಟ್ಟು ಅಂಗಡಿಯೊಂದರಿಂದ 5ನೆಯ ಸಂಖ್ಯೆಯ ಹುರಿ ತಂದಾಗಿತ್ತು. ಹಳೆಯ ಅಕ್ಷರಗಳನ್ನು ಹೊಸ ಸಂಖ್ಯೆಗೆ ಹೊಂದಿಸುವ ಪಟ್ಟಿಗಳಲ್ಲಿ ಒಂದು 4 ಎಂದರೆ ಇನ್ನೊಂದು 5 ಎನ್ನುತ್ತಿತ್ತು. ಹಿತ್ತಲಿನ ಹುಲ್ಲಿನ ಮೇಲೆ ಮೊಮ್ಮಗ ಬೀಸಿದ. ಕೋಲು ಹಿಡಿಯವರೆಗೂ ಬಾಗಿತು, ಎಲ್ಲೋ 'ಟಿಕ್' ಎಂದಿತು. ನಾನು ಕೂಗಿ ನಿಲ್ಲಿಸಿದೆ. ಕೋಲಿಗೆ ಏನೂ ಆಗಿರಲಿಲ್ಲ. ಜೋಡಣೆಯ ಲೋಹದ ಉಂಗುರ ಅಲುಗಿತ್ತಷ್ಟೆ. ಹುಡುಗನ ಮುಖ ಮಾತ್ರ ಬಿಳಿಚಿತ್ತು. "ಅವರಿಗೆ ಏನಂತ ಹೇಳೋದು ತಾತ?" ಎಂದ.

ಆಗ ಮಗಳ ಒಡವೆ ತೂಗುವ ಪುಟ್ಟ ತಕ್ಕಡಿ ನೆನಪಾಯಿತು. ಹಳೆಯ ರೇಷ್ಮೆಯ ಕೊಳೆಯದ ತುದಿಯಿಂದ 30 ಅಡಿ ಅಳೆದು ತಟ್ಟೆಯ ಮೇಲೆ ಸುತ್ತಿಟ್ಟೆವು. 7.6 ಗ್ರಾಂ, ಅಂದರೆ 117 ಗ್ರೇನ್. 4ನೆಯ ಸಂಖ್ಯೆಗೆ 114ರಿಂದ 126ರವರೆಗೆ ವಿನಾಯಿತಿಯಿದೆ. ನಿಸ್ಸಂದೇಹವಾಗಿ 4. ಕುತೂಹಲಕ್ಕೆ ಅಂಗಡಿಯ ಹುರಿಯನ್ನೂ ತೂಗಿದೆವು: 10.4 ಗ್ರಾಂ, 160 ಗ್ರೇನ್! ಪೆಟ್ಟಿಗೆಯ ಮೇಲೆ 5, ತಕ್ಕಡಿಯ ಮೇಲೆ 6. ಈಗಿನ ಬಿರುಸು ಕೋಲುಗಳು ಸುಲಭವಾಗಿ ಬಾಗಲೆಂದು ಕೆಲವು ತಯಾರಕರು ಸಂಖ್ಯೆಗಿಂತ ಭಾರವಾಗಿಯೇ ಮಾಡುತ್ತಾರಂತೆ. ಹೊಸ ಕೋಲಿಗೆ ಅದು ಸರಿಯೇನೋ. ಹಳೆಯ ಬಿದಿರಿಗೆ ಎರಡು ಮೆಟ್ಟಿಲ ಹೊರೆ. ಕೊಳ್ಳುವವರು ಪೆಟ್ಟಿಗೆಯ ಮೇಲೆ ಗ್ರೇನ್ ಎಷ್ಟೆಂದು ಬರೆದಿದೆಯೇ ನೋಡಬೇಕು, ಇಲ್ಲವಾದರೆ ತೂಗಬೇಕು.

4ನೆಯ ಡಬಲ್ ಟೇಪರ್ ಬಂತು. ಕೋಲು ಬಾಗಿ ಎದ್ದದ್ದನ್ನು ನೋಡಿ, ಏನೂ ಅರಿಯದ ನನಗೂ ಸರಿಹೋಯಿತೆಂದು ತಿಳಿಯಿತು. ಮರುವಾರ ಗ್ರೇಲಿಂಗ್ ಎಂಬ ಊರಿನ ಓ ಸೇಬಲ್ ನದಿಗೆ ಹೋದೆವು. ಗ್ರೇಲಿಂಗ್ ಒಂದು ಮೀನಿನ ಹೆಸರು. ಮರ ಕಡಿದು ದಿಮ್ಮಿಗಳನ್ನು ನದಿಯಲ್ಲಿ ತೇಲಿಬಿಟ್ಟು, ಮಿತಿಯಿಲ್ಲದೆ ಹಿಡಿದು, 1930ರ ದಶಕದ ಹೊತ್ತಿಗೆ ಆ ಮೀನನ್ನು ಮಿಷಿಗನ್ನಿನಲ್ಲಿ ನಿರ್ನಾಮ ಮಾಡಿದರು; ಊರಿಗೆ ಹೆಸರು ಉಳಿಯಿತು. ಮೊಮ್ಮಗನಿಗೆ ಅಂದು ಅಂಗೈಯುದ್ದದ ಒಂದು ಟ್ರೌಟ್ ಸಿಕ್ಕಿತು, ಬಿಟ್ಟ.

ಸಂಜೆ ಪಕ್ಕದ ಮನೆಗೆ ಹೋದೆವು. ವೃದ್ಧರು ಗಾಲಿಕುರ್ಚಿಯಲ್ಲಿದ್ದರು. ಮೊಮ್ಮಗ ಕೋಲನ್ನು ಅವರ ತೊಡೆಯ ಮೇಲಿಟ್ಟ. ಅವರು ಎಡಗೈಯಿಂದ ಹೊಸ ಹುರಿಯನ್ನೆಳೆದು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿದರು, ಥೇಟು ನನ್ನ ತಂದೆಯವರಂತೆ. ಸ್ವಲ್ಪ ಹೊತ್ತು ಹಾಗೇ ಇದ್ದು ತಲೆಯಾಡಿಸಿದರು. ಆಮೇಲೆ ರಾಟೆಯನ್ನು ತೋರಿಸಿ, ಊಟದ ಮೇಜಿನ ಕುರ್ಚಿಗಳ ಬೆನ್ನು ತೋರಿಸಿ, ಕೈಯನ್ನು ಗಾಳಿಯಲ್ಲಿ ಅತ್ತಿಂದಿತ್ತ ಆಡಿಸಿದರು. ಪ್ಲಾಸ್ಟಿಕ್ ಹುರಿಗೆ ಅದು ಬೇಕಿಲ್ಲವೆಂದು ನನಗೂ ಗೊತ್ತಿತ್ತು, ಹುಡುಗನಿಗೂ ಗೊತ್ತಿತ್ತು. ಅವನು ಒಂದು ಮಾತೂ ಆಡದೆ ರಾಟೆಯಿಂದ ಹುರಿಯನ್ನು ಪೂರ್ತಿ ಬಿಚ್ಚಿ, ಕುರ್ಚಿಯಿಂದ ಕುರ್ಚಿಗೆ ಎಳೆದು, ಒಣಗಲು ಹರವಿದ.